ಸಿಂಕ್ ಕೆಳಗಿನ ಡಿಸ್ಪೋಸರ್: ಬಳಸುವ ಕ್ರಮ, ಕಟ್ಟಿಕೊಂಡರೆ ಬಿಡಿಸುವ ಬಗೆ

ಡಿಸ್ಪೋಸರ್ ಎಂದರೆ ಅಡುಗೆಮನೆಯ ಸಿಂಕ್ ಕೆಳಗೆ ಕೂರಿಸಿ, ಆಹಾರದ ಕಸವನ್ನು ಪುಡಿ ಮಾಡಿ ಪೈಪಿಗೆ ಬಿಡುವ ಯಂತ್ರ. ಅದರೊಳಗೆ ಮಿಕ್ಸಿಯಲ್ಲಿರುವಂಥ ಹರಿತವಾದ ಬ್ಲೇಡ್ ಇದೆ ಎಂದು ಬಹಳ ಜನ ತಿಳಿದಿರುತ್ತಾರೆ. ಇಲ್ಲ. ಮೋಟರ್ ಮೇಲೆ ಒಂದು ಲೋಹದ ತಟ್ಟೆ ಗಿರಗಿರನೆ ತಿರುಗುತ್ತದೆ. ತಟ್ಟೆಯ ಮೇಲೆ ಸಾಮಾನ್ಯವಾಗಿ ಎರಡು ಮೊಂಡು ತುಂಡುಗಳಿರುತ್ತವೆ. ಅವು ಕಸವನ್ನು ಅಂಚಿಗೆ ತಳ್ಳುತ್ತವೆ, ಅಂಚಿನಲ್ಲಿರುವ ಹಲ್ಲುಗಳ ಉಂಗುರ ಅದನ್ನು ತುರಿಮಣೆಯ ಹಾಗೆ ಉಜ್ಜಿ ಪುಡಿ ಮಾಡುತ್ತದೆ. ಅಲ್ಲಿಗೆ ಯಂತ್ರದ ಕೆಲಸ ಮುಗಿಯಿತು. ಆ ಪುಡಿಯನ್ನು ಪೈಪಿನುದ್ದಕ್ಕೂ ಸಾಗಿಸಬೇಕಾದದ್ದು ನೀರು. ಡಿಸ್ಪೋಸರ್ ಕೆಟ್ಟಿತು ಎಂಬ ದೂರುಗಳಲ್ಲಿ ಎಷ್ಟೋ ಬಾರಿ ಯಂತ್ರ ಚೆನ್ನಾಗಿಯೇ ಇರುತ್ತದೆ, ಕಟ್ಟಿಕೊಂಡಿರುವುದು ಮುಂದಿನ ಪೈಪು.

ಹಾಗಾಗಿ ಮೊದಲು ನಲ್ಲಿ, ಆಮೇಲೆ ಸ್ವಿಚ್. ತಣ್ಣೀರನ್ನು ಜೋರಾಗಿ, ನಿಮಿಷಕ್ಕೆ 6 ಲೀಟರ್‌ನಷ್ಟಾದರೂ ಬೀಳುವಂತೆ ಬಿಡಿ. ಸ್ವಿಚ್ ಹಾಕಿ, ಯಂತ್ರ ವೇಗ ಹಿಡಿದ ಮೇಲೆ ಕಸವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಹೋಗಿ. ಒಮ್ಮೆಲೇ ತುಂಬಿ ಆಮೇಲೆ ಸ್ವಿಚ್ ಹಾಕಿದರೆ ತಟ್ಟೆ ತಿರುಗಲಾರದೆ ಸಿಕ್ಕಿಕೊಳ್ಳುತ್ತದೆ. (ಮುಚ್ಚಳ ಹಾಕಿ ತಿರುಗಿಸಿದರೆ ಮಾತ್ರ ಓಡುವ ಮಾದರಿಗೆ ಇದು ಅನ್ವಯಿಸುವುದಿಲ್ಲ. ಅದಕ್ಕೆ ಮೊದಲೇ ಹಾಕಬೇಕು, ಆದರೆ ಒತ್ತಿ ತುಂಬಬಾರದು.) ಅರೆಯುವ ಸದ್ದು ನಿಂತು ಬರೀ ಮೋಟರಿನ ಸದ್ದು ಕೇಳತೊಡಗಿದಾಗ ಸ್ವಿಚ್ ಆರಿಸಿ. ನೀರನ್ನು ಮಾತ್ರ ಇನ್ನೂ 20–30 ಸೆಕೆಂಡು ಹಾಗೇ ಬಿಡಿ. ಬಹಳ ಮಂದಿ ತಪ್ಪುವುದು ಇಲ್ಲೇ. ಕೊನೆಯ ಹಿಡಿ ಪುಡಿ ಸಿಂಕ್ ಕೆಳಗಿನ ಬಾಗಿದ ಪೈಪಿನಲ್ಲಿ ಕುಳಿತು, ಮರುದಿನ ಅದರ ಮೇಲೆ ಇನ್ನೊಂದು ಪದರ ಕೂರುತ್ತದೆ.

ಬಿಸಿನೀರು ಯಾಕೆ ಬೇಡವೆಂದರೆ, ಅದು ಜಿಡ್ಡನ್ನು ಕರಗಿಸಿ ಒಯ್ಯುತ್ತದೆ. ಪೈಪಿನಲ್ಲಿ ಮುಂದೆ ಹೋಗಿ ತಣಿದಾಗ ಆ ಜಿಡ್ಡು ಗೋಡೆಗೆ ಮೆತ್ತಿಕೊಳ್ಳುತ್ತದೆ. ತಣ್ಣೀರಿನಲ್ಲಿ ಅದು ಗಟ್ಟಿಯಾಗಿಯೇ ಇದ್ದು ಪುಡಿಯ ಜೊತೆ ಹೋಗುತ್ತದೆ. ಹಾಗೆಂದು ಎಣ್ಣೆ ಸುರಿಯಬೇಡಿ. ಊಟದ ತಟ್ಟೆಗೆ ಅಂಟಿದ ಜಿಡ್ಡಿಗೆ ಮಾತ್ರ ಈ ಮಾತು.

ಏನು ಹಾಕಬಾರದು ಎಂಬುದನ್ನು ಕಾರಣದೊಂದಿಗೆ ತಿಳಿದುಕೊಂಡರೆ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಜೋಳದ ತೆನೆಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು ಇವುಗಳ ನಾರು ಪುಡಿಯಾಗದೆ ದಾರದಂತೆ ಸುತ್ತಿಕೊಳ್ಳುತ್ತದೆ. ಈರುಳ್ಳಿಯ ತೆಳು ಪೊರೆ ಹಲ್ಲುಗಳ ಸಂದಿಯಲ್ಲಿ ಹಾಗೇ ಜಾರಿ ಹೋಗಿ ಪೈಪಿನಲ್ಲಿ ಬಲೆಯಂತೆ ನಿಲ್ಲುತ್ತದೆ. ಅನ್ನ ಮತ್ತು ಪಾಸ್ತಾ ನೀರು ಕುಡಿದು ಉಬ್ಬುತ್ತವೆ. ಆಲೂಗಡ್ಡೆ ಸಿಪ್ಪೆ ರಾಶಿಯಾಗಿ ಬಿದ್ದರೆ ಗಂಜಿಯಂಥ ಅಂಟು. ಕಾಫಿ ಚರಟ ಯಂತ್ರಕ್ಕೆ ತೊಂದರೆ ಕೊಡದು, ಆದರೆ ಪೈಪಿನ ಬಾಗಿನಲ್ಲಿ ಕೆಸರಾಗಿ ಕೂರುತ್ತದೆ. ದೊಡ್ಡ ಮೂಳೆ, ಹಣ್ಣಿನ ಗಟ್ಟಿ ಓಟೆ, ಗಾಜು, ಲೋಹ, ಪ್ಲಾಸ್ಟಿಕ್ ಯಾವತ್ತೂ ಬೇಡ. ನಿಮ್ಮದು ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಾದರೆ ಆದಷ್ಟು ಕಡಿಮೆ ಬಳಸಿ, ಟ್ಯಾಂಕಿನಲ್ಲಿ ಹೂಳು ಬೇಗ ತುಂಬುತ್ತದೆ.

ವಾಸನೆ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಸಿಂಕಿನ ಬಾಯಲ್ಲಿರುವ ಕಪ್ಪು ರಬ್ಬರ್. ಯಂತ್ರದ ಕರೆಂಟಿನ ಪ್ಲಗ್ ಕಿತ್ತು, ಆ ರಬ್ಬರಿನ ಒಂದೊಂದೇ ಪಟ್ಟಿಯನ್ನು ಮೇಲಕ್ಕೆ ಮಡಚಿ ನೋಡಿ: ಮೇಲೆ ಹೊಳೆಯುತ್ತಿರುವ ರಬ್ಬರಿನ ಅಡಿಯಲ್ಲಿ ಬೂದುಬಣ್ಣದ ಲೋಳೆ ದಪ್ಪಗೆ ಹಿಡಿದಿರುತ್ತದೆ. ಅರೆಯುವಾಗ ಮೇಲೆ ಸಿಡಿದದ್ದೆಲ್ಲ ಅಲ್ಲೇ ಉಳಿಯುತ್ತದೆ, ನಲ್ಲಿಯ ನೀರು ಅಲ್ಲಿಗೆ ತಾಗುವುದೇ ಇಲ್ಲ. ಹಳೆಯ ಹಲ್ಲುಜ್ಜುವ ಬ್ರಶ್, ಪಾತ್ರೆ ತೊಳೆಯುವ ಸೋಪು ಸಾಕು. ಒಳಗಿನ ಭಾಗಕ್ಕೆ ಒಂದು ಬಟ್ಟಲು ಐಸ್ ತುಂಡು, ಒಂದು ಹಿಡಿ ಕಲ್ಲುಪ್ಪು ಹಾಕಿ ತಣ್ಣೀರಿನಲ್ಲಿ ಓಡಿಸಿ. ಐಸ್ ಬ್ಲೇಡನ್ನು ಹರಿತ ಮಾಡುತ್ತದೆ ಎನ್ನುವುದು ಸುಳ್ಳು, ಹರಿತ ಮಾಡಲು ಬ್ಲೇಡೇ ಇಲ್ಲ. ಅದು ಅಂಟಿದ್ದನ್ನು ಕೆರೆದು ತೆಗೆಯುತ್ತದೆ, ಅಷ್ಟೆ. ವಾರಕ್ಕೊಮ್ಮೆ ಸಿಂಕಿಗೆ ಬಿರಡೆ ಹಾಕಿ ಅರ್ಧ ನೀರು ತುಂಬಿಸಿ, ಬಿರಡೆ ತೆಗೆದು ಯಂತ್ರ ಓಡಿಸಿದರೆ ಪೈಪು ಒಳ್ಳೆಯ ರಭಸದಲ್ಲಿ ತೊಳೆದುಹೋಗುತ್ತದೆ. ಪೈಪ್ ಬಿಡಿಸುವ ರಾಸಾಯನಿಕ ಮತ್ತು ಬ್ಲೀಚ್ ಹತ್ತಿರವೂ ತರಬೇಡಿ, ಒಳಗಿನ ಭಾಗಗಳು ಹಾಳಾಗುತ್ತವೆ.

ಸ್ವಿಚ್ ಹಾಕಿದಾಗ ಗುಂಯ್ ಎಂದು ಸದ್ದು ಬಂದು ತಟ್ಟೆ ತಿರುಗದಿದ್ದರೆ ಏನೋ ಸಿಕ್ಕಿಕೊಂಡಿದೆ ಎಂದರ್ಥ. ತಕ್ಷಣ ಆರಿಸಿ. ಗುಂಯ್‌ಗುಡುತ್ತಾ ಬಿಟ್ಟಷ್ಟೂ ಮೋಟರ್ ಬಿಸಿಯಾಗುತ್ತದೆ.

1. ಪ್ಲಗ್ ಕಿತ್ತುಬಿಡಿ. ಪ್ಲಗ್ ಇಲ್ಲದ ಜೋಡಣೆಯಾದರೆ ಮನೆಯ ಬ್ರೇಕರ್ ಇಳಿಸಿ. ಸ್ವಿಚ್ ಆರಿಸಿದ್ದು ಸಾಲದು. ಕೈ ಅಂತೂ ಒಳಗೆ ಹಾಕಲೇಬಾರದು.
2. ಯಂತ್ರದ ತಳದ ನಡುವೆ ಆರು ಮೂಲೆಯ ತೂತಿರುವ ಮಾದರಿಗಳಿಗೆ ಸಾಮಾನ್ಯವಾಗಿ ಕಾಲು ಇಂಚಿನ ಅಲೆನ್ ಕೀ ಹಿಡಿಯುತ್ತದೆ. ಎಡಕ್ಕೂ ಬಲಕ್ಕೂ ಆಡಿಸುತ್ತಾ, ಪೂರ್ತಿ ಸುತ್ತು ಸಲೀಸಾಗಿ ಬರುವವರೆಗೆ ತಿರುಗಿಸಿ.
3. ಟಾರ್ಚ್ ಬಿಟ್ಟು ನೋಡಿ, ಸಿಕ್ಕಿದ ವಸ್ತುವನ್ನು ಉದ್ದ ಇಕ್ಕಳದಿಂದ ಎತ್ತಿ.
4. ಹತ್ತು ನಿಮಿಷ ತಣಿಯಲು ಬಿಡಿ. ತಳದಲ್ಲಿರುವ ರೀಸೆಟ್ ಬಟನ್ (ಹೆಚ್ಚಾಗಿ ಕೆಂಪು) ಒತ್ತಿ. ನೀರು ಬಿಟ್ಟು ಓಡಿಸಿ.

ಸದ್ದೇ ಇಲ್ಲದಿದ್ದರೆ ಮೊದಲು ಪ್ಲಗ್ಗನ್ನೂ ಬ್ರೇಕರನ್ನೂ ನೋಡಿ, ಆಮೇಲೆ ಅದೇ ರೀಸೆಟ್ ಬಟನ್.

ಯಂತ್ರ ಓಡುತ್ತಿದ್ದೂ ನೀರು ಇಳಿಯದಿದ್ದರೆ ಪೈಪು ಕಟ್ಟಿಕೊಂಡಿದೆ. ಎರಡು ಸಿಂಕ್ ಜೊತೆಗಿದ್ದು, ಒಂದರಲ್ಲಿ ಅರೆದ ನೀರು ಇನ್ನೊಂದರಲ್ಲಿ ಉಕ್ಕಿದರೆ ತಡೆ ಇರುವುದು ಎರಡೂ ಪೈಪುಗಳು ಸೇರಿದ ಜಾಗದಿಂದ ಮುಂದೆ. ಕೆಳಗೆ ಬಕೆಟ್ ಇಟ್ಟು ಬಾಗಿದ ಪೈಪಿನ ನಟ್ ಬಿಚ್ಚಿ ತೊಳೆಯಿರಿ.

ಸೋರುತ್ತಿದ್ದರೆ ಒಣಬಟ್ಟೆಯಿಂದ ಪೂರ್ತಿ ಒರೆಸಿ, ಸಿಂಕ್ ತುಂಬಿಸಿ, ಹನಿ ಎಲ್ಲಿಂದ ಶುರುವಾಗುತ್ತದೆ ನೋಡಿ. ಮೇಲೆ, ಸಿಂಕಿಗೆ ಸೇರುವಲ್ಲಾದರೆ ತಿರುಪು ಬಿಗಿ ಮಾಡಬೇಕು ಅಥವಾ ಪುಟ್ಟಿ ಹೊಸದಾಗಿ ಹಾಕಬೇಕು. ಪಕ್ಕದಲ್ಲಾದರೆ ಪೈಪಿನ ರಬ್ಬರ್ ಬಳೆ ಇಲ್ಲವೇ ಡಿಶ್‌ವಾಶರ್ ಕೊಳವೆಯ ಕ್ಲಾಂಪ್. ತಳದ ರೀಸೆಟ್ ಬಟನ್ ಸುತ್ತ ಹನಿಯುತ್ತಿದ್ದರೆ ಒಳಗಿನ ಸೀಲ್ ಹೋಗಿದೆ, ನೀರು ಮೋಟರಿಗೆ ಇಳಿಯುತ್ತಿದೆ. ಆಗ ಪ್ಲಗ್ ಕಿತ್ತಿಟ್ಟು, ಬೇರೆ ಯಂತ್ರ ಕೂರಿಸಿ.