ನಾಯಿ ಜೊಲ್ಲು ಸುರಿಸುತ್ತಿದೆಯೇ? ಮೊದಲು ಕಣ್ಣು, ಕೊನೆಗೆ ಕೈ

ನೀವು ಚಪಾತಿ ತಿನ್ನುವಾಗ ಪಕ್ಕದಲ್ಲಿ ಕೂತ ಲ್ಯಾಬ್ರಡಾರ್‌ನ ಕಟಬಾಯಿಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯುತ್ತದೆ, ಅಲ್ವಾ? ಅದಕ್ಕೆ ಔಷಧಿ ಬೇಡ, ಒಂದು ಚೂರು ಚಪಾತಿ ಸಾಕು. ಸೇಂಟ್ ಬರ್ನಾರ್ಡ್, ಮಾಸ್ಟಿಫ್ ಜಾತಿಯವು ಸುಮ್ನೆ ಕೂತರೂ ಸುರಿಸುತ್ತವೆ. ತುಟಿ ಜೋತುಬಿದ್ದಿರುವುದರಿಂದ ಊರಿದ ಜೊಲ್ಲು ಬಾಯಲ್ಲಿ ನಿಲ್ಲುವುದಿಲ್ಲ. ನಮ್ಮ ಮುಧೋಳ ನಾಯಿಯ ತುಟಿ ಬಿಗಿ, ಬೀದಿನಾಯಿಯದೂ ಹೆಚ್ಚುಕಮ್ಮಿ ಹಾಗೇ. ಅಂಥ ನಾಯಿ ಎದುರಿಗೆ ತಿಂಡಿಯಿಲ್ಲದಾಗಲೂ ಎದೆಯ ಕೂದಲು ತೊಯ್ಯುವಷ್ಟು ಜೊಲ್ಲು ಸುರಿಸಿದರೆ ಕಾರಣ ಹುಡುಕಬೇಕು.

ಆಗ ಹೆಚ್ಚಿನವರು ಬಾಯಿ ಅಗಲಿಸಿ ಕೈ ಹಾಕಿಬಿಡುತ್ತಾರೆ. ಅದು ಕೊನೆಯ ಕೆಲಸ. ಮೊದಲು ದೂರ ನಿಂತು ನೋಡಿ. ಕೆಳದವಡೆ ಜೋತಿದೆಯೇ? ನೀರು ನುಂಗಲು ಒದ್ದಾಡುತ್ತಿದೆಯೇ? ಬೊಗಳುವ ದನಿ ಬದಲಾಗಿದೆಯೇ? ತೂರಾಡುತ್ತಿದೆಯೇ? ಹೌದಾದರೆ ರೇಬಿಸ್ ಇರಬಹುದು. ಲಸಿಕೆ ತಪ್ಪಿದ ನಾಯಿಯಾದರಂತೂ ಮುಟ್ಟಲೇಬೇಡಿ. ಈ ರೋಗದಲ್ಲಿ ನಾಯಿಗೆ ನುಂಗಲಾಗುವುದಿಲ್ಲ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿದಂತೆಯೇ ಕಾಣುತ್ತದೆ, ರೋಗಾಣು ಇರುವುದೂ ಆ ಜೊಲ್ಲಿನಲ್ಲೇ. ನಾಯಿಯನ್ನು ಒಂದೆಡೆ ಕೂಡಿಹಾಕಿ ಪಶುವೈದ್ಯರಿಗೆ ಫೋನ್ ಮಾಡಿ. ಕಚ್ಚಿದ್ದರೆ ಅಥವಾ ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಆ ಅನುಮಾನ ಇಲ್ಲವೇ? ಹಾಗಾದರೆ ಮೈ ನೋಡಿ. ಬಿಸಿಲಲ್ಲೋ ಗಾಜು ಏರಿಸಿದ ಕಾರಲ್ಲೋ ಇದ್ದ ನಾಯಿ ಏದುಸಿರು ಬಿಡುತ್ತಾ ಅಂಟಂಟಾದ ಜೊಲ್ಲು ಸುರಿಸಿದರೆ ಶಾಖಾಘಾತ. ನಾಯಿಯ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. 41 ದಾಟಿತೆಂದರೆ ಜೀವಕ್ಕೇ ಸಂಚಕಾರ. ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು, ಗಾಳಿ ಹಾಕಿ, ಆಮೇಲೆ ಗಾಡಿ ಹತ್ತಿಸಿ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಯ ಹೊಟ್ಟೆ ಉಬ್ಬಿದೆ, ಓಕರಿಸುತ್ತಿದೆ, ಬರೀ ಜೊಲ್ಲು ಬರುತ್ತಿದೆ ಎಂದರೆ ಹೊಟ್ಟೆ ಒಳಗೇ ತಿರುಚಿಕೊಂಡಿರಬಹುದು. ನಡುರಾತ್ರಿಯಾದರೂ ಹೊರಡಿ.

ಜೊಲ್ಲಿನ ಜೊತೆ ನಡುಕ, ಭೇದಿ ಇದ್ದರೆ ವಿಷ ಸೇರಿರುವ ಸಾಧ್ಯತೆ ಜಾಸ್ತಿ. ತೋಟಕ್ಕೆ ಹೊಡೆದ ಕೀಟನಾಶಕ, ಬಸವನಹುಳುವಿಗೆ ಇಟ್ಟ ಮದ್ದು ನೆನಪು ಮಾಡಿಕೊಳ್ಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೇ ಉಪಾಯ ಖಂಡಿತ ಬೇಡ, ಉಪ್ಪೇ ಇನ್ನೊಂದು ವಿಷವಾಗುತ್ತದೆ.

ಮಳೆಗಾಲದ ರಾತ್ರಿ ಅಂಗಳದಿಂದ ಓಡಿಬಂದ ನಾಯಿಯ ಬಾಯಲ್ಲಿ ನೊರೆ ಕಂಡರೆ ಕಪ್ಪೆಯ ಮೇಲೂ ಗುಮಾನಿ ಇರಲಿ. ಗಂಟುಗಂಟು ಮೈಯ ನೆಲಗಪ್ಪೆಯನ್ನು ಕಚ್ಚಿದರೆ ಅದರ ಕಣ್ಣಿನ ಹಿಂದಿನ ಗ್ರಂಥಿಯಿಂದ ಬೆಳ್ಳಗಿನ ವಿಷ ಒಸರುತ್ತದೆ. ನಾಯಿಯ ಮೂತಿ ನೆಲಕ್ಕೆ ಬಗ್ಗಿಸಿ, ಕಟಬಾಯಿಯ ಪಕ್ಕದಿಂದ ಪೈಪಿನ ನೀರು ಬಿಡಿ. ನೀರು ಹೊರಗೆ ಬೀಳಬೇಕು, ಗಂಟಲಿಗೆ ಇಳಿಯಬಾರದು. ಒದ್ದೆ ಬಟ್ಟೆಯಿಂದ ಒಸಡು ಒರೆಸಿ. ನಡುಕವೋ ತೂರಾಟವೋ ಶುರುವಾದರೆ ಕಾಯಬೇಡಿ.

ನಾಯಿ ಎಂದಿನಂತೆ ಲವಲವಿಕೆಯಿಂದಿದ್ದು, ಲಸಿಕೆಯೂ ಸರಿಯಾಗಿ ಆಗಿದ್ದರೆ ಮಾತ್ರ ಈಗ ಟಾರ್ಚ್ ಹಿಡಿದು ತುಟಿ ಎತ್ತಿ. ಮುಂಗಾಲಿನಿಂದ ಮುಖ ಕೆರೆದುಕೊಳ್ಳುತ್ತಿದ್ದರೆ ಅಂಗುಳ ನೋಡಿ. ಮಟನ್ ಮೂಳೆಯ ಚೂರು ಮೇಲಿನ ಎಡಬಲ ದವಡೆಹಲ್ಲುಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಳ್ಳುವುದುಂಟು. ಸಡಿಲವಿದ್ದರೆ ತೆಗೆಯಿರಿ, ಬಿಗಿಯಿದ್ದರೆ ಡಾಕ್ಟರಿಗೆ ಬಿಡಿ. ನಾಲಿಗೆ ಕೆಳಗೆ ದಾರ ಕಂಡರೆ ಎಳೆಯಲೇಬೇಡಿ, ಅದರ ಇನ್ನೊಂದು ತುದಿ ಕರುಳಿನಲ್ಲಿರಬಹುದು. ವಯಸ್ಸಾದ ನಾಯಿಯಲ್ಲಿ ಸಾಮಾನ್ಯವಾಗಿ ಹಲ್ಲಿನದೇ ತೊಂದರೆ: ಹಲ್ಲಿಗೆ ಕಂದು ಗಾರೆ, ಕೆಟ್ಟ ವಾಸನೆ, ಒಂದೇ ಕಡೆಯಿಂದ ಇಳಿಯುವ ಜೊಲ್ಲಿನಲ್ಲಿ ರಕ್ತದ ಎಳೆ.

ಘಾಟಿಯ ತಿರುವಿನಲ್ಲಿ ಕಾರೊಳಗೆ ಸುರಿಸುವುದು, ಕಹಿ ಮಾತ್ರೆ ನುಂಗಿ ನೊರೆ ಬಿಡುವುದು ತಾನಾಗೇ ನಿಲ್ಲುತ್ತವೆ.

ಡಾಕ್ಟರ ಬಳಿ ಹೋಗುವಾಗ ಲಸಿಕೆ ಪುಸ್ತಕ ಮರೆಯಬೇಡಿ. ವಿಷದ ಗುಮಾನಿ ಇದ್ದರೆ ಅದರ ಪೊಟ್ಟಣವನ್ನೂ ಒಯ್ಯಿರಿ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಕೊಂಡಿರಿ, ಆಸ್ಪತ್ರೆಯ ಮೇಜು ಹತ್ತಿದೊಡನೆ ಎಷ್ಟೋ ನಾಯಿಗಳು ಏನೂ ಆಗದವರ ಹಾಗೆ ನಿಂತುಬಿಡುತ್ತವೆ.