ಎಫ್‌ಎಂ ‘ಸರ್ರ್’ ಅಂತಿದೆಯಾ? ಬ್ಯಾಂಡ್‌ವಿಡ್ತ್ ಕಡೆ ನೋಡಿ

ಗಂಗಾವತಿ ಸುತ್ತಿನ ಗುಡ್ಡಗಳ ಮಗ್ಗುಲಲ್ಲಿ ರೇಡಿಯೊ ಹಿಡಿದು ಓಡಾಡಿದವರಿಗೆ ಇದು ಗೊತ್ತು. ಇಲ್ಲಿ ನಿಂತರೆ ಹಾಡು ಸ್ಪಷ್ಟ, ಎರಡು ಹೆಜ್ಜೆ ಆಚೆ ಹೋದರೆ ‘ಸರ್ರ್’.

ಎಲ್ಲರೂ ಮೊದಲು ವಾಲ್ಯೂಮ್ ತಿರುಗಿಸ್ತಾರೆ, ಅದರಿಂದ ಸರ್ರ್ ಕೂಡ ಜೋರಾಗುತ್ತೆ ಅಷ್ಟೇ. ಮೊದಲು ಒಳಗೇನಾಗುತ್ತೆ ನೋಡಿ. ಪಂಚಮಿಗೆ ಬೇವಿನ ಗಿಡಕ್ಕೆ ಕಟ್ಟೋ ಜೋಕಾಲಿ ನೆನಪಿಸಿಕೊಳ್ಳಿ. ಎಫ್‌ಎಂ ಅಲೆಯೂ ಹಾಗೇ ಜೀಕುತ್ತೆ. ಸದ್ದು ಜೋರಾದಷ್ಟೂ ಅದರ ಫ್ರೀಕ್ವೆನ್ಸಿ ಆಚೆಗೂ ಈಚೆಗೂ ಜಾಸ್ತಿ ಸರಿಯುತ್ತೆ, ಹೆಚ್ಚೆಂದರೆ 75 ಕಿಲೋಹರ್ಟ್ಸ್. ಇದಕ್ಕೆ ಪ್ರಸಾರವಾಗೋ ಸಂಗೀತದ ಅತಿ ಹೆಚ್ಚಿನ ಫ್ರೀಕ್ವೆನ್ಸಿ, ಅಂದರೆ 15 ಕಿಲೋಹರ್ಟ್ಸ್, ಸೇರಿಸಿ ಎರಡರಿಂದ ಗುಣಿಸಿದರೆ 180. ಕಾರ್ಸನ್ ಲೆಕ್ಕ ಅಂದರೆ ಇದೇ. ಒಂದು ಸ್ಟೇಷನ್‌ಗೆ ಬೇಕಾದ ಜಾಗ, ಅಂದರೆ ಬ್ಯಾಂಡ್‌ವಿಡ್ತ್, ಹೆಚ್ಚುಕಮ್ಮಿ ಅಷ್ಟು ಕಿಲೋಹರ್ಟ್ಸ್.

ಇಷ್ಟು ಜಾಗ ಯಾಕೆ? ಗಾಳಿಯಲ್ಲಿ ಸೇರೋ ಗದ್ದಲ ಜೋಕಾಲಿಯನ್ನು ಚೂರು ತಳ್ಳುತ್ತೆ. ಜೀಕು ದೊಡ್ಡದಿದ್ದರೆ ಆ ತಳ್ಳು ಲೆಕ್ಕಕ್ಕೇ ಬರಲ್ಲ. ಜೀಕು ಎರಡು ಪಟ್ಟಾದರೆ ಗದ್ದಲದ ಮೇಲೆ ಸದ್ದಿನ ಬಲ ನಾಲ್ಕು ಪಟ್ಟಾಗುತ್ತೆ. ಪೊಲೀಸರ ವಾಕಿಟಾಕಿಯೂ ಎಫ್‌ಎಂ ಬಳಸಬಹುದು, ಆದರೆ ಅದಕ್ಕೆ 12.5 ಕಿಲೋಹರ್ಟ್ಸ್ ಚಾನೆಲ್ ಸಾಕು. ಮಾತು ಅರ್ಥ ಆಗುತ್ತೆ, ಹಾಡಿಗೆ ಮಾತ್ರ ಅದು ಆಗಿಬರಲ್ಲ.

ಆದರೆ ಈ ಜಾಗದ ಬಾಗಿಲು ಅಗಲ ಆದಷ್ಟೂ ಗದ್ದಲವೂ ಒಳಗೆ ನುಗ್ಗುತ್ತೆ ಅಲ್ವಾ? ಸಿಗ್ನಲ್ ಗಟ್ಟಿ ಇದ್ದರೆ ತೊಂದರೆ ಇಲ್ಲ. ಒಂದು ಮಟ್ಟಕ್ಕಿಂತ ಕೆಳಗೆ ಬಿತ್ತೋ, ಎಫ್‌ಎಂ ಮೆಲ್ಲಗೆ ಹಾಳಾಗೋದಿಲ್ಲ. ಚಟಪಟ ಅಂತ ಒಮ್ಮೆಲೇ ಕುಸಿಯುತ್ತೆ.

ಈಗ ಕೆಲಸ ಶುರು ಮಾಡಿ. ಮೊದಲು ಆಂಟೆನಾ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್, ಅದರ ಕಾಲುಭಾಗ 75 ಸೆಂಟಿಮೀಟರ್, ಅಷ್ಟು ಎಳೆಯಿರಿ. ಮೊಬೈಲ್ ಆದರೆ ಇಯರ್‌ಫೋನ್ ವೈರೇ ಆಂಟೆನಾ, ಅದನ್ನು ಜೇಬಲ್ಲಿ ಮುದುಡಿ ಇಟ್ಟು ‘ಸಿಗ್ತಿಲ್ಲ’ ಅನ್ನಬೇಡಿ. ಬಂಡೆಗೆ ಬಡಿದು ಬರೋ ಅಲೆ ನೇರ ಅಲೆಯ ಜೊತೆ ಜಗಳ ಆಡುತ್ತೆ, ಅದಕ್ಕೇ ಒಂದೆರಡು ಮೀಟರ್ ಸರಿದು ನೋಡಿ.

ಆಮೇಲೆ ಸ್ಟೀರಿಯೊ ಆಫ್ ಮಾಡಿ, ಮೋನೊಗೆ (ಎರಡೂ ಕಿವಿಗೆ ಒಂದೇ ಸದ್ದು) ಬನ್ನಿ. ಬಹಳ ಜನ ಇದನ್ನು ಮುಟ್ಟೋದೇ ಇಲ್ಲ, ನನ್ನ ಪ್ರಕಾರ ಅರ್ಧ ಕಾಯಿಲೆ ಇಲ್ಲೇ ವಾಸಿ. ಸ್ಟೀರಿಯೊದ ಎಡ-ಬಲ ವ್ಯತ್ಯಾಸದ ಮಾಹಿತಿ 23ರಿಂದ 53 ಕಿಲೋಹರ್ಟ್ಸ್‌ವರೆಗೆ ಕೂತಿರುತ್ತೆ. ಎಫ್‌ಎಂನಲ್ಲಿ ಈ ಕಿಲೋಹರ್ಟ್ಸ್ ಮೇಲೆ ಹೋದಷ್ಟೂ ಗದ್ದಲ ಜಾಸ್ತಿ, ಹಾಗಾಗಿ ಸ್ಟೀರಿಯೊ ಕೇಳಬೇಕೆಂದರೆ ಆ ಗದ್ದಲವನ್ನೂ ಎತ್ತಿಕೊಂಡು ಬರಲೇಬೇಕು.

ಕೊನೆಗೆ ಫಿಲ್ಟರ್, ಅಂದರೆ ರೇಡಿಯೊ ಎಷ್ಟು ಅಗಲ ಒಳಗೆ ಬಿಡಬೇಕು ಅನ್ನೋ ಬಾಗಿಲು. ಕೆಲವು ಡಿಎಸ್‌ಪಿ (ಸಿಗ್ನಲನ್ನು ಚಿಪ್‌ನಲ್ಲಿ ಲೆಕ್ಕ ಹಾಕಿ ಸಂಸ್ಕರಿಸೋ) ರೇಡಿಯೊಗಳಲ್ಲಿ 110, 84, 60, 40 ಕಿಲೋಹರ್ಟ್ಸ್ ಅಂತ ಆಯ್ಕೆ ಇರುತ್ತೆ. ದೂರದ ಸ್ಟೇಷನ್ ಪಕ್ಕದಲ್ಲೇ ಜೋರಾದ ಇನ್ನೊಂದು ಇದ್ದರೆ ಮಾತ್ರ ಇಳಿಸಿ. ನಾನು 60ಕ್ಕೆ ಇಳಿಸಿದಾಗ ಪಕ್ಕದವರ ಗಲಾಟೆ ಹೋಯಿತು, ನಿರೂಪಕಿಯ ಮಾತೂ ಚೆನ್ನಾಗಿತ್ತು. ಹಾಡು ಬಂದು ತಬಲಾ ಜೋರಾದ ಕೂಡಲೇ ಹರಿದ ಸ್ಪೀಕರ್ ಥರ ಸದ್ದು. ಜೋಕಾಲಿ ಗೋಡೆಗೆ ತಾಗಿತ್ತು. 84ಕ್ಕೆ ಏರಿಸಿದೆ, ಸರಿಹೋಯಿತು.