ಕ್ಯೂಸೆಕ್ ಲೆಕ್ಕವನ್ನು ಹೊಸ್ತಿಲಿಗೆ ಇಳಿಸುವುದು ಹೇಗೆ?

2019ರ ಆಗಸ್ಟ್‌ನಲ್ಲಿ ಘಟಪ್ರಭೆ ದಂಡೆಯ ನಮ್ಮ ಸೋದರಮಾವನ ಊರಿಗೆ ಮುನ್ಸೂಚನೆ ಬಂದಿರಲಿಲ್ಲ ಎನ್ನುವಂತಿಲ್ಲ. ಹಿಡಕಲ್ ಡ್ಯಾಮಿನಿಂದ ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟಿದ್ದಾರೆ ಎಂಬ ಸಂದೇಶ ಮನೆಮನೆಯ ಮೊಬೈಲಿನಲ್ಲಿತ್ತು. ಅಷ್ಟು ನೀರು ಬಂದರೆ ಕೊಟ್ಟಿಗೆ ಮುಳುಗುತ್ತದೋ, ಕಟ್ಟೆಯ ತನಕ ಬಂದು ನಿಲ್ಲುತ್ತದೋ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ‘ಬರ್ಲಿ, ನೋಡೂಣು’ ಎಂದು ಕೂತವರು ನಡುರಾತ್ರಿ ಎದೆಮಟ್ಟದ ನೀರಿನಲ್ಲಿ ಎಮ್ಮೆಗಳ ಕಣ್ಣಿ ಬಿಚ್ಚಬೇಕಾಯಿತು. ಆಮೇಲೂ ಇದೇ ತಪ್ಪನ್ನು ಹಲವು ಊರುಗಳಲ್ಲಿ ನೋಡಿದ್ದೇನೆ. ಅದಕ್ಕೇ ಈ ಬರಹ.

ಮೊದಲು ಮೊಬೈಲ್

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’, ಸಿಡಿಲಿಗೆ ‘ದಾಮಿನಿ’. ಈ ಎರಡು ಆಪ್ ಸಾಕು. ಹಾಕಿಕೊಂಡ ಮೇಲೆ ಲೊಕೇಶನ್, ನೋಟಿಫಿಕೇಶನ್ ಎರಡಕ್ಕೂ ಒಪ್ಪಿಗೆ ಕೊಡಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ಇವನ್ನು ಹೊರಗಿಡಿ, ಇಲ್ಲದಿದ್ದರೆ ರಾತ್ರಿ ಸದ್ದಿಲ್ಲದೆ ಮಲಗಿಬಿಡುತ್ತವೆ.

ನಿಮ್ಮ ಊರಿನ ಅಂಕಿ ಯಾವುದು?

ಎಲ್ಲರೂ ಎಡವುವುದು ಇಲ್ಲಿ. ಡ್ಯಾಂ ಶೇ 90 ತುಂಬಿದೆ ಎಂದು ಗಾಬರಿಯಾಗುತ್ತಾರೆ. ಅದು ಟಿಎಂಸಿ (ನೂರು ಕೋಟಿ ಘನ ಅಡಿ) ಲೆಕ್ಕ, ಎಂದರೆ ಸಂಗ್ರಹ. ನಿಮ್ಮ ಮನೆಗೆ ಬರುವುದು ಹೊರಹರಿವು, ಅದರ ಲೆಕ್ಕ ಕ್ಯೂಸೆಕ್‌ನಲ್ಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 1 ಲಕ್ಷ ಕ್ಯೂಸೆಕ್ ಒಂದು ಹಗಲು, ಒಂದು ರಾತ್ರಿ ಹರಿದರೆ 8.64 ಟಿಎಂಸಿ. ಹಿಡಕಲ್ ಜಲಾಶಯದ ಒಟ್ಟು ಸಾಮರ್ಥ್ಯವೇ ಸುಮಾರು 51 ಟಿಎಂಸಿ. ಇಷ್ಟು ತಿಳಿದರೆ ಅಂಕಿಯ ತೂಕ ಅರ್ಥವಾಗುತ್ತದೆ.

ಎರಡನೆಯ ತಪ್ಪು, ಒಂದೇ ಡ್ಯಾಮನ್ನು ನಂಬಿ ಕೂರುವುದು. ಗೋಕಾಕ, ಮುಧೋಳದವರು ಹಿಡಕಲ್ ಹೊರಹರಿವನ್ನಷ್ಟೇ ನೋಡಿದರೆ ಮೋಸಹೋಗುತ್ತಾರೆ. ಹಿರಣ್ಯಕೇಶಿ, ಮಾರ್ಕಂಡೇಯ ಎರಡೂ ಡ್ಯಾಮಿನ ಕೆಳಗೆ ಘಟಪ್ರಭೆಗೆ ಸೇರುತ್ತವೆ. ಮೂರನ್ನೂ ಕೂಡಿಸಿ. ಚಿಕ್ಕೋಡಿ, ರಾಯಬಾಗ, ಅಥಣಿಯ ಕೃಷ್ಣಾ ತೀರದವರು ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನ ಅಂಕಿಗೆ ದೂಧಗಂಗೆಯದನ್ನು ಸೇರಿಸಬೇಕು. ಮಲಪ್ರಭೆಯವರಿಗೆ ನವಿಲುತೀರ್ಥ ಡ್ಯಾಂ ಒಂದೇ ಸಾಲದು, ಬೆಣ್ಣಿಹಳ್ಳ ಕೂಡುವ ಜಾಗದಿಂದ ಕೆಳಗಿದ್ದರೆ ಅದನ್ನೂ ಎಣಿಸಿ. ಚಿಕ್ಕಸಂಗಮ, ಕೂಡಲಸಂಗಮದ ಹತ್ತಿರದ ಊರುಗಳ ಕಷ್ಟ ಬೇರೆ. ಕೃಷ್ಣೆ ತುಂಬಿ ನಿಂತಾಗ ಉಪನದಿಯ ನೀರಿಗೆ ಇಳಿಯಲು ಜಾಗವಿಲ್ಲದೆ ಅದು ಹಿಂದಕ್ಕೆ ಒತ್ತುತ್ತದೆ. ಅಲ್ಲಿಯವರು ತಮ್ಮ ಹೊಳೆಯ ಜೊತೆ ಕೃಷ್ಣೆಯ ಅಂಕಿಯನ್ನೂ ನೋಡಬೇಕು.

ಗೆರೆ ಎಳೆಯಿರಿ

2005ರ ಹಾಗೂ 2019ರ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ, ಹಣಮಪ್ಪನ ಗುಡಿಯ ಗೋಡೆಯ ಮೇಲೆ ಗೆರೆ ಎಳೆದು ಇಸವಿ ಬರೆಯಿರಿ. ಎಣ್ಣೆ ಬಣ್ಣವೇ ಆಗಬೇಕು. ಸುಣ್ಣ, ಡಿಸ್ಟೆಂಪರ್ ಮೊದಲ ಮಳೆಗೇ ಹೋಗುತ್ತವೆ. ನಂತರ ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ: ನೀರು ಬಿಟ್ಟ ಹೊತ್ತು, ಎಷ್ಟು ಕ್ಯೂಸೆಕ್, ಊರಲ್ಲಿ ಯಾವ ಮೆಟ್ಟಿಲಿಗೆ ಎಷ್ಟು ಗಂಟೆಗೆ ಬಂತು. ಎರಡು ಮಳೆಗಾಲ ಬಿಡದೆ ಬರೆದರೆ ಯಾವ ಆಪ್ ಕೂಡ ಕೊಡದ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳುತ್ತೇನೆ. ಹೊರಡುವ ಗೆರೆಯನ್ನು ಮನೆಯ ಹೊಸ್ತಿಲಿಗೆ ಅಳೆಯಬೇಡಿ, ಊರಿಂದ ಹೊರಗೆ ಹೋಗುವ ದಾರಿಯ ಅತಿ ತಗ್ಗಿನ ಸೇತುವೆಗೆ ಅಳೆಯಿರಿ. ಮನೆಗಿಂತ ಮೊದಲು ಮುಳುಗುವುದು ದಾರಿ. ಸೇತುವೆಗಿಂತ ನಾಲ್ಕು ಅಡಿ ಕೆಳಗೆ ನೀರಿದ್ದಾಗ ದನ ಹೊಡೆದುಕೊಂಡು ಹೋಗಿ, ಎರಡು ಅಡಿಗೆ ಬಂದಾಗ ಮನೆಮಂದಿ. ದನ ಮೊದಲು ಹೋಗಬೇಕು, ಏಕೆಂದರೆ ದನ ಬಿಟ್ಟು ಬಾ ಎಂದರೆ ರೈತ ಬರುವುದಿಲ್ಲ.

ಹಳೆಯ ಲೆಕ್ಕ ಸಾಲದೆ ಎಂದು ಕೇಳುವವರಿದ್ದಾರೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಘಟ್ಟದಲ್ಲಿ ವಾರವಿಡೀ ಸುರಿಯುತ್ತಿದ್ದ ಮಳೆ ಎರಡೇ ದಿನಕ್ಕೆ ಸುರಿದರೆ ಡ್ಯಾಂ ಬೇಗ ತುಂಬುತ್ತದೆ, ನಿಮಗೆ ಸಿಗುವ ಹೊತ್ತು ಕಡಿಮೆಯಾಗುತ್ತದೆ. ಅಜ್ಜನ ಅಂದಾಜನ್ನು ಗೌರವಿಸಿ, ಆದರೆ ಪ್ರತಿ ವರ್ಷ ತಿದ್ದಿಕೊಳ್ಳಿ.

ಪೇಟೆಯಲ್ಲಿ ಸಿಗುವ ನೀರಿನ ಟ್ಯಾಂಕಿನ ಅಲಾರಾಂ ತಂದು ಹೊಳೆದಂಡೆಗೆ ಕಟ್ಟಬೇಡಿ. ತಂತಿಯ ತುದಿಗೆ ರಾಡಿ ಮೆತ್ತಿಕೊಂಡರೆ ಅದನ್ನು ನಂಬುವಂತಿಲ್ಲ.

ರಾತ್ರಿ ಎಬ್ಬಿಸುವವರು

ಬಟನ್ ಫೋನಿನ ಅಜ್ಜಿಗೆ ಆಪ್ ಇಲ್ಲ. ಓಣಿಗೆ ಇಬ್ಬರಂತೆ ಹೆಸರು ಗೊತ್ತು ಮಾಡಿ. ಗುಡಿಯ ಮೈಕಿಗೆ ಬ್ಯಾಟರಿ ಇರಲಿ, ಕರೆಂಟು ಮೊದಲೇ ಹೋಗುತ್ತದೆ. ಹಲಗೆ ಬಾರಿಸಿ ಡಂಗುರ ಸಾರುವುದು ಇಂದಿಗೂ ಒಳ್ಳೆಯ ದಾರಿ.

ವಿಜಯಪುರದವರಿಗೆ, ಭೂಕಂಪದ ಬಗ್ಗೆ

‘ಇವತ್ತು ರಾತ್ರಿ 2 ಗಂಟೆಗೆ ಭೂಕಂಪ’ ಎಂಬ ವಾಟ್ಸ್ಯಾಪ್ ಸಂದೇಶವನ್ನು ಅಳಿಸಿ. ಇಂಥ ದಿನ, ಇಂಥ ಹೊತ್ತು ಎಂದು ಹೇಳಬಲ್ಲವರು ಜಗತ್ತಿನಲ್ಲೇ ಇಲ್ಲ. ಸಿಗುವುದು ಕೆಲವು ಸೆಕೆಂಡುಗಳ ಸೂಚನೆ. ನೆಲದೊಳಗಿನ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಜೋರಾಗಿ ಅಲುಗಿಸುವ ಎರಡನೆಯ ಅಲೆ ಸುಮಾರು 3.5. ಆ ಅಂತರದಲ್ಲಿ ಫೋನು ಕೂಗಬೇಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನ ತುರ್ತು ವಿಭಾಗದಲ್ಲಿ ಭೂಕಂಪ ಎಚ್ಚರಿಕೆ ಇದೆ, ಆನ್ ಮಾಡಿ. ಅದು 4.5ಕ್ಕಿಂತ ಕಡಿಮೆ ತೀವ್ರತೆಗೆ ಕೂಗುವುದಿಲ್ಲ. ತಿಕೋಟಾ, ಬಸವನ ಬಾಗೇವಾಡಿ ಕಡೆ ಪಾತ್ರೆ ಗಡಗಡ ಎನ್ನಿಸುವ ಸಣ್ಣ ಕಂಪನಕ್ಕೆ ಫೋನು ಸುಮ್ಮನಿತ್ತು ಎಂದು ಬೇಸತ್ತು ಆಫ್ ಮಾಡಬೇಡಿ. ಕಾಲ ಕೆಳಗೇ ಹುಟ್ಟಿದ ಕಂಪನಕ್ಕಂತೂ ಆ ಅಂತರವೇ ಇರುವುದಿಲ್ಲ.

ಆದ್ದರಿಂದ ಮನೆ ನೋಡಿಕೊಳ್ಳಿ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಮಲಗಿದ್ದ ಜನರ ಮೇಲೆ ಬಿದ್ದದ್ದು ದಪ್ಪ ಕಲ್ಲುಗೋಡೆ, ಭಾರದ ಮಣ್ಣಿನ ಮಾಳಿಗೆ. ನಮ್ಮ ಮೇಲ್ಮುದ್ದೆ ಮನೆಗಳೂ ಅಂಥವೇ. ಸೋರುತ್ತದೆಂದು ವರ್ಷವರ್ಷ ಮೇಲೆ ಮಣ್ಣು ಏರಿಸುವವರು ಹಳೆಯ ಪದರ ತೆಗೆದು ಹೊಸದು ಹಾಕಬೇಕು. ಹಾಸಿಗೆಯನ್ನು ಬಾಗಿಲ ಹತ್ತಿರ ಹಾಕಿ, ತಾಮ್ರದ ಕೊಡಗಳ ಹಲಗೆಯ ಕೆಳಗೆ ಬೇಡ. ಆರ್‌ಸಿಸಿ ಮನೆಯಾದರೆ ಓಡಬೇಡಿ, ಗಟ್ಟಿ ಮೇಜಿನ ಕೆಳಗೆ ತಲೆ ಮುಚ್ಚಿ ಕೂರಿ.

ಕೊನೆಗೆ, ಜಿಲ್ಲಾ ಸಹಾಯವಾಣಿ 1077, ರಾಜ್ಯದ್ದು 1070. ಕ್ಯಾಲೆಂಡರ್ ಪಕ್ಕದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಗುಡಿಯ ಗೋಡೆಯ ಗೆರೆ ಮೃಗಶಿರ ಹಿಡಿಯುವ ಮೊದಲೇ ಆಗಲಿ. ಹಸಿ ಗೋಡೆಗೆ ಎಣ್ಣೆ ಬಣ್ಣ ಹತ್ತುವುದಿಲ್ಲ.